ಮೇಷ್ಟ್ರಿಗೆ ಅಂಕ ಕೊಡುವುದು ಹೇಗೆ?



ನಿಮಗೆ ಪಾಠ ಹೇಳುವ ಮೇಷ್ಟ್ರು ಚೆನ್ನಾಗಿ ಕಲಿಸುತ್ತಾರೋ ಇಲ್ಲವೋ ಎಂಬುದು ಶಾಲೆ ಶುರುವಾದ ಒಂದು ತಿಂಗಳಿಗೆಲ್ಲ ನಿಮಗೆ ಗೊತ್ತಾಗಿಬಿಡುತ್ತದೆ. ಹಿಂದಿನ ಬೆಂಚಿನವರಿಗೂ ಗೊತ್ತಾಗುತ್ತದೆ. ಆದರೆ ಅವರಿಗೆ ಸಂಬಳ ಕೊಡುವ ಸರ್ಕಾರಕ್ಕೆ ಅದು ಗೊತ್ತಾಗಬೇಕಾದರೆ ದಾರಿ ಯಾವುದು? ಚೆನ್ನಾಗಿ ಕಲಿಸುವವರಿಗೆ ಹೆಚ್ಚು ಸಂಬಳ ಕೊಡಬೇಕೆ? ಕಲಿಸಲಾರದವರನ್ನು ಮನೆಗೆ ಕಳಿಸಬೇಕೆ? ಕಳಿಸುವುದಾದರೆ ಯಾವ ಪುರಾವೆಯ ಮೇಲೆ?

ಈ ಪ್ರಶ್ನೆಗಳಿಗೆ ಒಂದು ಕಾಯ್ದೆಯ ಮೂಲಕ ಉತ್ತರ ಕೊಡಲು ಹೊರಟ ರಾಜ್ಯವೊಂದಿದೆ. ಅದು ಅಮೆರಿಕದ ಆಗ್ನೇಯ ಮೂಲೆಯ ಫ್ಲೋರಿಡಾ. ಅಲ್ಲಿ 2010ರಲ್ಲಿ ಎದ್ದ ವಿವಾದ ಇಂದಿಗೂ ಪೂರ್ತಿ ತಣ್ಣಗಾಗಿಲ್ಲ. ಈ ಸಂಚಿಕೆಯ ಚರ್ಚೆಗೆ ಅದನ್ನೇ ಆರಿಸಿಕೊಂಡಿದ್ದೇವೆ. ಅಲ್ಲಿನ ಶಿಕ್ಷಕರು ಈ ಕಾಯ್ದೆಯನ್ನು ಏಕೆ ವಿರೋಧಿಸಿದರು, ಆ ವಿರೋಧದಲ್ಲಿ ಹುರುಳಿತ್ತೇ ಎಂಬುದನ್ನು ನೋಡೋಣ.

ಹಿನ್ನೆಲೆ

ಅಮೆರಿಕದಲ್ಲಿ ಶಾಲಾ ಶಿಕ್ಷಣ ಮುಖ್ಯವಾಗಿ ರಾಜ್ಯಗಳ ಹೊಣೆ. ಶಾಲೆಗಳನ್ನು ನಡೆಸುವುದು ಜಿಲ್ಲಾ ಶಾಲಾ ಮಂಡಳಿಗಳು. ಫ್ಲೋರಿಡಾದಲ್ಲಿ ಹಿಂದೆ ಶಿಕ್ಷಕರು ಮೂರು ವರ್ಷ ತೃಪ್ತಿಕರವಾಗಿ ಕೆಲಸ ಮಾಡಿದ ಮೇಲೆ ಒಂದು ವಿಶೇಷ ಕರಾರಿಗೆ ಅರ್ಹರಾಗುತ್ತಿದ್ದರು. ಅದು ವರ್ಷ ವರ್ಷವೂ ತಾನಾಗಿಯೇ ಮುಂದುವರಿಯುತ್ತಿತ್ತು. ಅವರನ್ನು ತೆಗೆಯಬೇಕೆಂದರೆ ಮಂಡಳಿ ಕಾರಣ ಕೊಡಬೇಕು, ಅದಕ್ಕೆ ಆಧಾರ ತೋರಿಸಬೇಕು. ಸಂಬಳ ಏರುತ್ತಿದ್ದುದು ಬಹುಮಟ್ಟಿಗೆ ಸೇವಾವಧಿಯ ಮೇಲೆ, ಪಡೆದ ಪದವಿಗಳ ಮೇಲೆ. ನಮ್ಮ ಇಂಕ್ರಿಮೆಂಟ್ ಪದ್ಧತಿಯನ್ನು ನೆನೆಸಿಕೊಂಡರೆ ನಿಮಗೆ ಇದು ಸುಲಭವಾಗಿ ಅರ್ಥವಾದೀತು.

ಈ ಪದ್ಧತಿಯ ಮೇಲೆ ಆಕ್ಷೇಪಗಳಿದ್ದವು. ಅವುಗಳನ್ನು ನಾವು ಪ್ರಾಮಾಣಿಕವಾಗಿ ಕೇಳಿಸಿಕೊಳ್ಳಬೇಕು. 2009ರಲ್ಲಿ ಅಮೆರಿಕದ ಹಲವು ಜಿಲ್ಲೆಗಳನ್ನು ಪರಿಶೀಲಿಸಿದ ಒಂದು ವರದಿ, ಮೌಲ್ಯಮಾಪನದಲ್ಲಿ 'ಅತೃಪ್ತಿಕರ' ಎನಿಸಿಕೊಂಡ ಶಿಕ್ಷಕರು ಶೇಕಡಾ 1ಕ್ಕಿಂತ ಕಡಿಮೆ ಎಂದು ತೋರಿಸಿತು. ಅಂದರೆ ಮುಖ್ಯೋಪಾಧ್ಯಾಯರು ವರ್ಷಕ್ಕೊಮ್ಮೆ ತರಗತಿಗೆ ಇಣುಕಿ ಎಲ್ಲರ ಹೆಸರಿನ ಮುಂದೆಯೂ 'ತೃಪ್ತಿಕರ' ಎಂದು ಗುರುತು ಹಾಕುವುದೇ ಮೌಲ್ಯಮಾಪನವಾಗಿತ್ತು. ಶ್ರಮಪಟ್ಟು ಕಲಿಸುವವರಿಗೂ ಹೊತ್ತು ಕಳೆಯುವವರಿಗೂ ಒಂದೇ ಷರಾ, ಒಂದೇ ಸಂಬಳ. ಬಡ ಮಕ್ಕಳ ಶಾಲೆಗಳಿಗೆ ಇದರಿಂದ ಹೆಚ್ಚು ನಷ್ಟ ಎಂಬ ವಾದವನ್ನೂ ಸುಲಭವಾಗಿ ತಳ್ಳಿಹಾಕುವಂತಿರಲಿಲ್ಲ.

ಇದೇ ಸಮಯಕ್ಕೆ ಕೇಂದ್ರ ಸರ್ಕಾರ ರಾಜ್ಯಗಳ ನಡುವೆ 435 ಕೋಟಿ ಡಾಲರ್ ಅನುದಾನದ ಒಂದು ಸ್ಪರ್ಧೆಯನ್ನೇ ಏರ್ಪಡಿಸಿತು. ಮಕ್ಕಳ ಕಲಿಕೆಯ ಪ್ರಗತಿಯನ್ನು ಶಿಕ್ಷಕರ ಮೌಲ್ಯಮಾಪನಕ್ಕೆ ಜೋಡಿಸುವ ರಾಜ್ಯಗಳಿಗೆ ಈ ಸ್ಪರ್ಧೆಯಲ್ಲಿ ಅನುಕೂಲವಿತ್ತು. ಹೀಗೆ ತಾತ್ವಿಕ ವಾದದ ಜೊತೆಗೆ ಹಣದ ಒತ್ತಡವೂ ಸೇರಿಕೊಂಡಿತು.

ಆರನೆಯ ಮಸೂದೆ

2010ರಲ್ಲಿ ಫ್ಲೋರಿಡಾದ ಸೆನೆಟ್‌ನಲ್ಲಿ ಮಂಡನೆಯಾದದ್ದು 'ಸೆನೆಟ್ ಮಸೂದೆ 6'. ಅದರಲ್ಲಿ ಮೂರು ಮುಖ್ಯ ಅಂಶಗಳಿದ್ದವು. ಮೊದಲನೆಯದಾಗಿ, ಶಿಕ್ಷಕರ ಮೌಲ್ಯಮಾಪನದಲ್ಲಿ ಅರ್ಧ ಭಾಗ ಮಕ್ಕಳ ಪರೀಕ್ಷಾ ಪ್ರಗತಿಯನ್ನು ಆಧರಿಸಬೇಕು. ಎರಡನೆಯದಾಗಿ, ಸಂಬಳ ನಿಗದಿಗೆ ಅನುಭವ ಮತ್ತು ಉನ್ನತ ಪದವಿಗಳನ್ನು ಆಧಾರವಾಗಿ ಇಟ್ಟುಕೊಳ್ಳುವಂತಿಲ್ಲ. ಮೂರನೆಯದಾಗಿ, ಹೊಸದಾಗಿ ಸೇರುವ ಶಿಕ್ಷಕರಿಗೆ ಒಂದೊಂದೇ ವರ್ಷದ ಗುತ್ತಿಗೆ.

ಮಾರ್ಚ್ 24ರಂದು ಸೆನೆಟ್ ಇದನ್ನು 21-17 ಮತಗಳಿಂದ ಅಂಗೀಕರಿಸಿತು. ಏಪ್ರಿಲ್ 9ರ ನಸುಕಿನಲ್ಲಿ, ಗಂಟೆ ಎರಡು ದಾಟಿದ ಮೇಲೆ, ಕೆಳಮನೆಯಲ್ಲಿ 64-55 ಮತಗಳಿಂದ ಅದು ಗೆದ್ದಿತು. ಎರಡೂ ಸದನಗಳಲ್ಲಿ ಬಹುಮತವಿದ್ದುದು ರಿಪಬ್ಲಿಕನ್ ಪಕ್ಷಕ್ಕೆ. ಆದರೂ ಅಂತರ ಎಷ್ಟು ಕಡಿಮೆ ನೋಡಿ. ಆಳುವ ಪಕ್ಷದ ಹಲವರೇ ವಿರುದ್ಧವಾಗಿ ಮತ ಹಾಕಿದ್ದರು.

ಫ್ಲೋರಿಡಾದ ಸಂವಿಧಾನದ ಪ್ರಕಾರ ಸರ್ಕಾರಿ ನೌಕರರು ಮುಷ್ಕರ ಹೂಡುವಂತಿಲ್ಲ. ಹಾಗಾಗಿ ಶಿಕ್ಷಕರು ಬೇರೆ ದಾರಿಗಳನ್ನು ಹಿಡಿದರು. ಪತ್ರಗಳು, ದೂರವಾಣಿ ಕರೆಗಳು, ಇಮೇಲ್‌ಗಳು ಗವರ್ನರ್ ಕಚೇರಿಗೆ ಮಳೆಯಂತೆ ಸುರಿದವು. ಏಪ್ರಿಲ್ 12ರಂದು ಮಯಾಮಿ-ಡೇಡ್ ಜಿಲ್ಲೆಯೊಂದರಲ್ಲೇ 6 ಸಾವಿರಕ್ಕೂ ಹೆಚ್ಚು ಶಿಕ್ಷಕರು ಶಾಲೆಗೆ ಬರಲಿಲ್ಲ. ಅನೇಕ ಕಡೆ ಪೋಷಕರೂ ವಿದ್ಯಾರ್ಥಿಗಳೂ ರಸ್ತೆಬದಿಯಲ್ಲಿ ಫಲಕ ಹಿಡಿದು ನಿಂತರು.

ಇಲ್ಲಿ ಒಂದು ವಿಷಯ ಗಮನಿಸಿ. ಅಮೆರಿಕದ ಗವರ್ನರ್ ನಮ್ಮ ರಾಜ್ಯಪಾಲರಂತೆ ನೇಮಕಗೊಂಡವರಲ್ಲ. ಜನರಿಂದ ನೇರವಾಗಿ ಆಯ್ಕೆಯಾದವರು. ಅಧಿಕಾರದಲ್ಲಿ ನಮ್ಮ ಮುಖ್ಯಮಂತ್ರಿಗಳಿಗೆ ಹೆಚ್ಚು ಹತ್ತಿರ. ಸದನಗಳು ಒಪ್ಪಿದ ಮಸೂದೆಯನ್ನೂ ಅವರು ತಿರಸ್ಕರಿಸಬಹುದು. ಇದಕ್ಕೆ ವೀಟೋ ಎನ್ನುತ್ತಾರೆ. ಆಗಿನ ಗವರ್ನರ್ ಚಾರ್ಲಿ ಕ್ರಿಸ್ಟ್ ಅದೇ ರಿಪಬ್ಲಿಕನ್ ಪಕ್ಷದವರು. ಅವರು 2010ರ ಏಪ್ರಿಲ್ 15ರಂದು ಮಸೂದೆಗೆ ವೀಟೋ ಹಾಕಿದರು. ಶಿಕ್ಷಕರನ್ನೂ ಪೋಷಕರನ್ನೂ ಸರಿಯಾಗಿ ಕೇಳದೆ ಅವಸರದಲ್ಲಿ ತಂದ ಮಸೂದೆ ಇದು ಎಂಬುದು ಅವರ ಆಕ್ಷೇಪ. ಅದೇ ತಿಂಗಳ ಕೊನೆಯಲ್ಲಿ ಅವರು ಸ್ವಪಕ್ಷವನ್ನೇ ಬಿಟ್ಟು, ಅಮೆರಿಕದ ಸೆನೆಟ್‌ಗೆ ಪಕ್ಷೇತರರಾಗಿ ನಿಂತು, ಸೋತರು. ಅವರ ವೀಟೋದಲ್ಲಿ ರಾಜಕೀಯ ಲೆಕ್ಕವೂ ಇತ್ತು ಎಂದು ಹೇಳುವವರಿದ್ದಾರೆ. ಇರಬಹುದು. ಆದರೆ ಮಸೂದೆಯ ತೂಕವನ್ನು ಮಸೂದೆಯಿಂದಲೇ ಅಳೆಯಬೇಕು.

ಶಿಕ್ಷಕರ ಗೆಲುವು ಒಂದು ವರ್ಷವೂ ಬಾಳಲಿಲ್ಲ. ಮುಂದೆ ಗವರ್ನರ್ ಆದ ರಿಕ್ ಸ್ಕಾಟ್ 2011ರ ಮಾರ್ಚ್ 24ರಂದು 'ಸೆನೆಟ್ ಮಸೂದೆ 736'ಕ್ಕೆ ಸಹಿ ಹಾಕಿದರು. ಹಳೆಯ ಮಸೂದೆಯ ಮುಖ್ಯ ಅಂಶಗಳು ಇದರಲ್ಲಿ ಮತ್ತೆ ಬಂದಿದ್ದವು. ಮೌಲ್ಯಮಾಪನದ ಅರ್ಧ ಭಾಗ ಮಕ್ಕಳ ಪ್ರಗತಿಯ ಮೇಲೆ. 2011ರ ಜುಲೈ 1ರಿಂದ ಸೇರಿದವರಿಗೆ ಬರೀ ವಾರ್ಷಿಕ ಗುತ್ತಿಗೆ. 2014ರಿಂದ ಅವರ ಸಂಬಳ ಏರುವುದು ಮೌಲ್ಯಮಾಪನದ ಫಲಿತಾಂಶದ ಮೇಲೆ. ಹಳಬರು ಬೇಕಾದರೆ ಹಳೆಯ ವೇತನಶ್ರೇಣಿಯಲ್ಲೇ ಉಳಿಯಬಹುದು. ಹೊಸ ವೇತನಕ್ಕೆ ಬರಬೇಕೆಂದರೆ ಮಾತ್ರ ತಮ್ಮ ಸೇವಾ ಭದ್ರತೆಯನ್ನು ಬಿಟ್ಟುಕೊಡಬೇಕು.

ಅಳತೆಗೋಲಿನ ವಿಷಯ

ಈಗ ವಿಜ್ಞಾನದ ವಿದ್ಯಾರ್ಥಿಗಳು ಸ್ವಲ್ಪ ಕಿವಿಗೊಡಿ. ಕಲಾ ವಿಭಾಗದವರೂ ಹೆದರಬೇಕಾಗಿಲ್ಲ. ಇಡೀ ವಿವಾದದ ಬೇರು ಇಲ್ಲಿದೆ.

ಮಕ್ಕಳ ಅಂಕಗಳನ್ನು ನೇರವಾಗಿ ನೋಡಿ ಶಿಕ್ಷಕರನ್ನು ಅಳೆದರೆ ಅನ್ಯಾಯವಾಗುತ್ತದೆ. ಒಳ್ಳೆಯ ಬಡಾವಣೆಯ ಶಾಲೆಗೆ ಹೆಚ್ಚು ಅಂಕ ಬಂದೇ ಬರುತ್ತದೆ. ಆದ್ದರಿಂದ ಸಂಖ್ಯಾಶಾಸ್ತ್ರಜ್ಞರು ಇನ್ನೊಂದು ಉಪಾಯ ಮಾಡಿದರು. ಪ್ರತಿ ಮಗುವಿನ ಹಿಂದಿನ ವರ್ಷಗಳ ಅಂಕ, ಹಾಜರಾತಿ ಮುಂತಾದುವನ್ನು ನೋಡಿ, ಈ ವರ್ಷ ಅದಕ್ಕೆ ಎಷ್ಟು ಅಂಕ ಬರಬಹುದೆಂದು ಮೊದಲೇ ಅಂದಾಜು ಮಾಡುವುದು. ಆಮೇಲೆ ನಿಜವಾಗಿ ಬಂದ ಅಂಕದೊಂದಿಗೆ ಹೋಲಿಸುವುದು. ಒಬ್ಬ ಶಿಕ್ಷಕರ ಮಕ್ಕಳೆಲ್ಲ ಸರಾಸರಿಯಲ್ಲಿ ಅಂದಾಜಿಗಿಂತ ಮೇಲೆ ಬಂದರೆ ಆ ಹೆಚ್ಚಳ ಶಿಕ್ಷಕರ ಖಾತೆಗೆ. ಕೆಳಗಿಳಿದರೆ ಆ ಕೊರತೆಯೂ ಅವರ ಖಾತೆಗೆ. ಇದನ್ನು 'ಮೌಲ್ಯವರ್ಧನೆ' ಲೆಕ್ಕ ಎನ್ನಬಹುದು.

ಕೇಳಲು ಚೆನ್ನಾಗಿದೆ. ತೊಂದರೆ ಎಲ್ಲಿದೆ ಎಂದು ತಿಳಿಯಲು ನಿಮ್ಮ ತರಗತಿಯಲ್ಲೇ ಒಂದು ಪ್ರಯೋಗ ಮಾಡಿ. 50 ಮಂದಿ ಇದ್ದೀರಿ ಎನ್ನೋಣ. ಪ್ರತಿಯೊಬ್ಬರೂ ಒಂದು ನಾಣ್ಯವನ್ನು 10 ಸಲ ಚಿಮ್ಮಿ, ಸಿಂಹದ ಮುಖ ಎಷ್ಟು ಸಲ ಮೇಲೆ ಬಿತ್ತೆಂದು ಬರೆದುಕೊಳ್ಳಿ. ಹೆಚ್ಚಿನವರಿಗೆ 4, 5 ಅಥವಾ 6 ಬರುತ್ತದೆ. ಆದರೆ ಇಬ್ಬರಿಗೋ ಮೂವರಿಗೋ 8 ಅಥವಾ ಅದಕ್ಕಿಂತ ಹೆಚ್ಚು ಬರುವ ಸಂಭವವಿದೆ. ಹಾಗೆಯೇ ಇಬ್ಬರಿಗೋ ಮೂವರಿಗೋ 2 ಅಥವಾ ಅದಕ್ಕಿಂತ ಕಡಿಮೆ. ಮೊದಲಿನವರು ನಾಣ್ಯ ಚಿಮ್ಮುವುದರಲ್ಲಿ ನಿಪುಣರೇ? ಕೊನೆಯವರು ದಡ್ಡರೇ? ಎರಡನೆಯ ಸುತ್ತು ಆಡಿ ನೋಡಿ. 'ನಿಪುಣ'ರಲ್ಲಿ ಬಹುಪಾಲು ಮಂದಿ 5ರ ಆಸುಪಾಸಿಗೆ ಇಳಿದಿರುತ್ತಾರೆ.

ಶಿಕ್ಷಕರ ಕೆಲಸ ನಾಣ್ಯ ಚಿಮ್ಮುವಂಥದ್ದಲ್ಲ, ನಿಜ. ಅದರಲ್ಲಿ ಕೌಶಲವಿದೆ. ಆದರೆ 25 ಮಕ್ಕಳ ತರಗತಿಯಲ್ಲಿ ಪರೀಕ್ಷೆಯ ದಿನ ಮೂವರಿಗೆ ಜ್ವರ ಬಂದರೆ, ಒಂದು ಮನೆಯಲ್ಲಿ ತಂದೆಯ ಕೆಲಸ ಹೋದರೆ, ಕಿಟಕಿಯ ಹೊರಗೆ ರಸ್ತೆ ಅಗೆಯುತ್ತಿದ್ದರೆ, ಸರಾಸರಿ ಅಲ್ಲಾಡಿಬಿಡುತ್ತದೆ. ಸಂಖ್ಯೆ ಚಿಕ್ಕದಿದ್ದಾಗ ಆಕಸ್ಮಿಕದ ಪಾಲು ದೊಡ್ಡದು. ಅಮೆರಿಕದ ಶಿಕ್ಷಣ ಇಲಾಖೆಗಾಗಿಯೇ 2010ರಲ್ಲಿ ಸಿದ್ಧವಾದ ಒಂದು ಅಧ್ಯಯನ ಇದನ್ನು ಲೆಕ್ಕ ಹಾಕಿ ತೋರಿಸಿತು. ಮೂರು ವರ್ಷಗಳ ಅಂಕಗಳನ್ನು ಸೇರಿಸಿ ನೋಡಿದರೂ ಸುಮಾರು ನಾಲ್ಕರಲ್ಲಿ ಒಂದು ತೀರ್ಮಾನ ತಪ್ಪಾಗುವ ಸಂಭವವಿದೆ. ಒಂದೇ ವರ್ಷದ ಅಂಕ ನೋಡಿದರೆ ಸುಮಾರು ಮೂರರಲ್ಲಿ ಒಂದು.

2014ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರ ಸಂಘವೂ ಬಾಯಿ ತೆರೆಯಿತು. ಮಕ್ಕಳ ಅಂಕಗಳ ನಡುವೆ ಕಾಣುವ ಏರುಪೇರಿನಲ್ಲಿ ಶಿಕ್ಷಕರಿಗೆ ಸಲ್ಲುವ ಪಾಲು ಹೆಚ್ಚಿನ ಅಧ್ಯಯನಗಳ ಪ್ರಕಾರ ಶೇಕಡಾ 1ರಿಂದ 14 ಮಾತ್ರ ಎಂದು ಅದು ಹೇಳಿತು. ಹಾಗೆಂದು ಶಿಕ್ಷಕರಿಂದ ಪ್ರಯೋಜನವಿಲ್ಲ ಎಂದು ತಿಳಿಯಬೇಡಿ. ಉತ್ತಮ ಶಿಕ್ಷಕರ ಕೈಯಲ್ಲಿ ಕಲಿತವರು ದೊಡ್ಡವರಾದ ಮೇಲೆ ಹೆಚ್ಚು ಸಂಪಾದಿಸುತ್ತಾರೆ ಎಂದು ಇದೇ ಮೌಲ್ಯವರ್ಧನೆ ಲೆಕ್ಕದಿಂದ ತೋರಿಸಿದ ಅರ್ಥಶಾಸ್ತ್ರಜ್ಞರಿದ್ದಾರೆ. ಲಕ್ಷಾಂತರ ಮಕ್ಕಳನ್ನು ಒಟ್ಟಿಗೆ ನೋಡುವಾಗ ಈ ಲೆಕ್ಕದಲ್ಲಿ ಅರ್ಥವಿದೆ. ಒಬ್ಬ ವ್ಯಕ್ತಿಯ ಅನ್ನ ಕಸಿಯಲು ಅದನ್ನು ಬಳಸುವಾಗ ಮಾತ್ರ ಅದರ ಮುಳ್ಳು ನಡುಗುತ್ತದೆ.

ಇನ್ನೂ ಒಂದು ತೊಡಕು. ಈಗಾಗಲೇ 97 ಅಂಕ ತೆಗೆಯುವ ಮಗು ಎಲ್ಲಿಗೆ ಏರಬೇಕು? ಜಾಣ ಮಕ್ಕಳಿಗೇ ಪಾಠ ಹೇಳುವ ಶಿಕ್ಷಕರಿಗೆ 'ಪ್ರಗತಿ' ತೋರಿಸಲು ಜಾಗವೇ ಇರುವುದಿಲ್ಲ.

ಚಿತ್ರಕಲೆಯ ಟೀಚರಿಗೆ ಗಣಿತದ ಅಂಕ

ಫ್ಲೋರಿಡಾದ ರಾಜ್ಯಮಟ್ಟದ ಪರೀಕ್ಷೆ ಇದ್ದುದು ಮುಖ್ಯವಾಗಿ ಓದು ಮತ್ತು ಗಣಿತಕ್ಕೆ. ಅದೂ ಕೆಲವು ತರಗತಿಗಳಲ್ಲಿ. ಹಾಗಾದರೆ ಸಂಗೀತ, ಚಿತ್ರಕಲೆ, ವ್ಯಾಯಾಮ ಶಿಕ್ಷಕರ ಗತಿ? ಒಂದನೆಯ ತರಗತಿಯ ಟೀಚರ ಗತಿ? ಹಲವು ಜಿಲ್ಲೆಗಳು ಇದಕ್ಕೆ ಸುಲಭದ ದಾರಿ ಹುಡುಕಿದವು. ಬೇರೆಯವರು ಬೇರೆ ವಿಷಯದಲ್ಲಿ ಕಲಿಸಿದ ಮಕ್ಕಳ ಅಂಕವನ್ನೇ ಇವರಿಗೂ ಹಾಕಿದವು. ಅಲಚುವಾ ಜಿಲ್ಲೆಯಲ್ಲಿ ಎರಡನೆಯ ತರಗತಿಯವರೆಗೆ ಮಾತ್ರ ಇರುವ ಶಾಲೆಯ ಶಿಕ್ಷಕಿಯೊಬ್ಬರಿಗೆ ಇನ್ನೊಂದು ಶಾಲೆಯ ದೊಡ್ಡ ಮಕ್ಕಳ ಅಂಕಗಳನ್ನು ಸೇರಿಸಲಾಯಿತು. ಅವರು ಆ ಮಕ್ಕಳಿಗೆ ಒಂದು ದಿನವೂ ಪಾಠ ಹೇಳಿರಲಿಲ್ಲ.

2013ರ ಏಪ್ರಿಲ್‌ನಲ್ಲಿ ಏಳು ಮಂದಿ ಶಿಕ್ಷಕರು ಸಂಘಗಳ ನೆರವಿನಿಂದ ಫೆಡರಲ್ ನ್ಯಾಯಾಲಯದ ಮೆಟ್ಟಿಲು ಹತ್ತಿದರು. 2014ರ ಮೇ ತಿಂಗಳಲ್ಲಿ ಬಂದ ತೀರ್ಪು ಕಾನೂನು ಓದಬೇಕೆನ್ನುವವರಿಗೆ ಒಂದು ಪಾಠ. ಈ ಪದ್ಧತಿ ನ್ಯಾಯವಾದದ್ದಲ್ಲ ಎಂಬುದನ್ನು ನ್ಯಾಯಾಧೀಶರು ಒಪ್ಪಿಕೊಂಡರು. ಆದರೆ ನ್ಯಾಯವಾಗಿದೆಯೇ ಎಂಬುದು ತಮ್ಮ ಮುಂದಿರುವ ಪ್ರಶ್ನೆಯಲ್ಲ, ಸಂವಿಧಾನಕ್ಕೆ ವಿರುದ್ಧವೇ ಎಂಬುದಷ್ಟೇ ಪ್ರಶ್ನೆ ಎಂದು ಹೇಳಿ ಕಾಯ್ದೆಯನ್ನು ಎತ್ತಿಹಿಡಿದರು. 2015ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಹೇಳಿತು. ಕೆಟ್ಟ ಕಾಯ್ದೆಗಳೆಲ್ಲ ಅಸಾಂವಿಧಾನಿಕ ಕಾಯ್ದೆಗಳಲ್ಲ. ಅಂಥವನ್ನು ತಿದ್ದುವ ಜಾಗ ವಿಧಾನಮಂಡಲ, ತಿದ್ದಿಸುವವರು ಜನ.

ಸೇವಾ ಭದ್ರತೆ ಎಂದರೇನು?

ಸೇವಾ ಭದ್ರತೆ ಎಂದರೆ 'ಏನು ಮಾಡಿದರೂ ಕೆಲಸ ಹೋಗದು' ಎಂಬ ಭಾವನೆ ಅನೇಕರಲ್ಲಿದೆ. ಅದು ಸರಿಯಲ್ಲ. ತೆಗೆಯುವ ಮುಂಚೆ ಕಾರಣ ಹೇಳಬೇಕು, ಅವರ ಮಾತನ್ನೂ ಕೇಳಬೇಕು ಎಂಬುದಷ್ಟೇ ಅದರ ತಿರುಳು. ವಾರ್ಷಿಕ ಗುತ್ತಿಗೆಯಲ್ಲಿ ಇದು ಇಲ್ಲ. ವರ್ಷದ ಕೊನೆಗೆ ಗುತ್ತಿಗೆಯನ್ನು ನವೀಕರಿಸದಿದ್ದರೆ ಸಾಕು, ಕಾರಣ ಕೊಡಬೇಕಾಗಿಲ್ಲ.

ಇದು ಶಿಕ್ಷಕರಿಗೆ ಮಾತ್ರ ಸಂಬಂಧಿಸಿದ್ದೆಂದು ತಿಳಿಯಬೇಡಿ. ಪ್ರಭಾವಿಯೊಬ್ಬರ ಮಗನಿಗೆ ನ್ಯಾಯವಾಗಿ ಬರಬೇಕಾದ 30 ಅಂಕವನ್ನೇ ಹಾಕುವ ಧೈರ್ಯ ಶಿಕ್ಷಕರಿಗೆ ಎಲ್ಲಿಂದ ಬರಬೇಕು? ಶಾಲೆಯ ಕಟ್ಟಡ ಸೋರುತ್ತಿದೆ ಎಂದು ಮೇಲಿನವರಿಗೆ ಹೇಳುವ ಧೈರ್ಯ? ಹಿಂದುಳಿದ ಮಕ್ಕಳ ತರಗತಿಯನ್ನು ತಾನೇ ಕೇಳಿ ಪಡೆಯುವ ಧೈರ್ಯ? ಅಂಥ ತರಗತಿಯನ್ನು ವಹಿಸಿಕೊಂಡರೆ ತನ್ನ ಅಂಕ ಕುಸಿಯಬಹುದು, ಮುಂದಿನ ವರ್ಷ ಕೆಲಸವೇ ಇರದಿರಬಹುದು ಎಂದಾದರೆ ಯಾರು ಮುಂದೆ ಬರುತ್ತಾರೆ?

ವಿರೋಧದ ನಿಜವಾದ ಬಲ ಇಲ್ಲಿದೆ ಎಂದು ನನ್ನ ಅಭಿಪ್ರಾಯ. ಅಳತೆಗೋಲು ನಡುಗುವಂಥದ್ದು ಎಂದು ಗೊತ್ತಿದ್ದರೆ, ತಪ್ಪನ್ನು ತಿದ್ದುವ ವ್ಯವಸ್ಥೆ ಇನ್ನೂ ಗಟ್ಟಿಯಾಗಿರಬೇಕು. ಫ್ಲೋರಿಡಾದ ಕಾಯ್ದೆ ನಡುಗುವ ಅಳತೆಗೋಲನ್ನು ತಂದು, ಅದೇ ಕೈಯಿಂದ ತಿದ್ದುವ ಬಾಗಿಲನ್ನೂ ಮುಚ್ಚಿತು. ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ನಿನಲ್ಲಿ ಇಂಥದೇ ಪ್ರಶ್ನೆ ಎದ್ದಾಗ 2017ರಲ್ಲಿ ಫೆಡರಲ್ ನ್ಯಾಯಾಲಯ ಶಿಕ್ಷಕರ ವಾದಕ್ಕೆ ಕಿವಿಗೊಟ್ಟಿತು. ಅಲ್ಲಿ ಲೆಕ್ಕ ಹಾಕುತ್ತಿದ್ದುದು ಒಂದು ಖಾಸಗಿ ಕಂಪನಿ. ಸೂತ್ರ ವ್ಯಾಪಾರ ರಹಸ್ಯ. ತನ್ನ ಅಂಕ ಸರಿಯೇ ಎಂದು ಪರೀಕ್ಷಿಸಿ ನೋಡುವ ದಾರಿಯೇ ಶಿಕ್ಷಕರಿಗೆ ಇರಲಿಲ್ಲ. ನಿಮಗಾದರೋ ಉತ್ತರಪತ್ರಿಕೆಯ ಮರುಎಣಿಕೆಗೆ, ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುವ ಅವಕಾಶವಿದೆ. ಶಿಕ್ಷಕರು ಕೇಳಿದ್ದೂ ಅದನ್ನೇ.

ಐಡಾಹೊದ ಮತದಾರರು

ವಾಯವ್ಯದ ಐಡಾಹೊ ರಾಜ್ಯದಲ್ಲೂ 2011ರಲ್ಲಿ ಇದೇ ಬಗೆಯ ಮೂರು ಕಾಯ್ದೆಗಳು ಬಂದವು. ಮೊದಲನೆಯದು ಶಿಕ್ಷಕರ ಸೇವಾ ಭದ್ರತೆ ಮತ್ತು ಸಂಘದ ಚೌಕಾಸಿ ಹಕ್ಕನ್ನು ಮೊಟಕುಗೊಳಿಸಿತು. ಎರಡನೆಯದು ಫಲಿತಾಂಶಕ್ಕೆ ತಕ್ಕ ವೇತನವನ್ನು ತಂದಿತು. ಮೂರನೆಯದು ಲ್ಯಾಪ್‌ಟಾಪ್ ಮತ್ತು ಆನ್‌ಲೈನ್ ತರಗತಿಗಳನ್ನು. ಆದರೆ ಐಡಾಹೊ ಜನರಿಗೆ ಒಂದು ವಿಶೇಷ ಅಧಿಕಾರವಿದೆ. ಸಾಕಷ್ಟು ಸಹಿ ಸಂಗ್ರಹಿಸಿದರೆ ವಿಧಾನಮಂಡಲ ಮಾಡಿದ ಕಾಯ್ದೆಯನ್ನು ಜನಮತಕ್ಕೆ ಹಾಕಿಸಬಹುದು. ಶಿಕ್ಷಕರೂ ಪೋಷಕರೂ ಸಹಿ ಸಂಗ್ರಹಿಸಿದರು. 2012ರ ನವೆಂಬರ್‌ನಲ್ಲಿ ಮೂರೂ ಕಾಯ್ದೆಗಳು ಬಿದ್ದುಹೋದವು. ವಿರುದ್ಧ ಬಿದ್ದ ಮತ ಕ್ರಮವಾಗಿ ಸುಮಾರು ಶೇಕಡಾ 57, 58 ಮತ್ತು 67. ಐಡಾಹೊ ರಿಪಬ್ಲಿಕನ್ ಪಕ್ಷದ ಭದ್ರಕೋಟೆ ಎಂಬುದನ್ನು ಮರೆಯಬೇಡಿ.

ಕೊನೆಗೆ ಏನಾಯಿತು?

ಹೊಸ ಪದ್ಧತಿಯ ಮೊದಲ ಫಲಿತಾಂಶಗಳು ಫ್ಲೋರಿಡಾದಲ್ಲಿ 2012ರ ಡಿಸೆಂಬರ್‌ನಲ್ಲಿ ಹೊರಬಿದ್ದಾಗ, ಸುಮಾರು ಶೇಕಡಾ 97 ಶಿಕ್ಷಕರು 'ಪರಿಣಾಮಕಾರಿ' ಅಥವಾ ಅದಕ್ಕಿಂತ ಮೇಲಿನ ದರ್ಜೆಯಲ್ಲಿದ್ದರು. ಇಷ್ಟು ಗದ್ದಲದ ನಂತರ ಬೆಟ್ಟ ಅಗೆದು ಇಲಿ ಹಿಡಿದಂತಾಯಿತು. 2015ರಲ್ಲಿ ರಾಜ್ಯ ಪರೀಕ್ಷಾಂಕದ ಪಾಲನ್ನು ಅರ್ಧದಿಂದ ಮೂರನೆಯ ಒಂದಕ್ಕೆ ಇಳಿಸಿತು. ಅದೇ ವರ್ಷದ ಕೊನೆಗೆ ಕೇಂದ್ರದ ಹೊಸ ಶಿಕ್ಷಣ ಕಾಯ್ದೆಯೂ ಈ ವಿಷಯದಲ್ಲಿ ರಾಜ್ಯಗಳ ಮೇಲಿನ ಒತ್ತಡವನ್ನು ತೆಗೆಯಿತು. 2017ರಲ್ಲಿ ಫ್ಲೋರಿಡಾ ತನ್ನ ಮೌಲ್ಯವರ್ಧನೆ ಸೂತ್ರವನ್ನು ಜಿಲ್ಲೆಗಳು ಬಳಸಲೇಬೇಕೆಂಬ ನಿಯಮವನ್ನೂ ಕೈಬಿಟ್ಟಿತು. ಆದರೆ ವಾರ್ಷಿಕ ಗುತ್ತಿಗೆ ಮಾತ್ರ ಹಾಗೆಯೇ ಉಳಿಯಿತು. ಅಳತೆಗೋಲು ಸಡಿಲವಾಯಿತು, ಅದನ್ನು ನಂಬಿ ಕಿತ್ತುಕೊಂಡ ಭದ್ರತೆ ಹಿಂದಿರುಗಲಿಲ್ಲ. 2024ರಲ್ಲಿ ರಾಷ್ಟ್ರೀಯ ಶಿಕ್ಷಕರ ಸಂಘ ಪ್ರಕಟಿಸಿದ ಪಟ್ಟಿಯಲ್ಲಿ ಫ್ಲೋರಿಡಾದ ಸರಾಸರಿ ಶಿಕ್ಷಕ ವೇತನ 50ನೆಯ ಸ್ಥಾನದಲ್ಲಿತ್ತು.

ಮಕ್ಕಳಿಗೆ ಲಾಭವಾಯಿತೇ? ಬಿಲ್ ಗೇಟ್ಸ್ ಪ್ರತಿಷ್ಠಾನದ ನೆರವಿನಿಂದ, ಫ್ಲೋರಿಡಾದ ಹಿಲ್ಸ್‌ಬರೊ ಜಿಲ್ಲೆಯೂ ಸೇರಿ ಕೆಲವೆಡೆ ನಡೆದ ಸುಮಾರು 57.5 ಕೋಟಿ ಡಾಲರ್ ವೆಚ್ಚದ ಪ್ರಯೋಗವನ್ನು 2018ರಲ್ಲಿ ಪರಿಶೀಲಿಸಿದವರಿಗೆ ಮಕ್ಕಳ ಕಲಿಕೆಯಲ್ಲಿ ನಿರೀಕ್ಷಿತ ಸುಧಾರಣೆ ಕಾಣಲಿಲ್ಲ. 2009ರಿಂದ 2017ರ ನಡುವೆ ರಾಜ್ಯಗಳು ತಂದ ಮೌಲ್ಯಮಾಪನ ಸುಧಾರಣೆಗಳನ್ನು ಒಟ್ಟಾಗಿ ನೋಡಿದ 2021ರ ಅಧ್ಯಯನದ ತೀರ್ಮಾನವೂ ಅದೇ. ವಾಷಿಂಗ್ಟನ್ ನಗರದಲ್ಲಿ ಮಾತ್ರ ಕೆಲವು ಒಳ್ಳೆಯ ಪರಿಣಾಮಗಳು ಕಂಡವು. ಅಲ್ಲಿ ವರ್ಷಕ್ಕೆ ಹಲವು ಸಲ ತರಗತಿ ವೀಕ್ಷಣೆ ಇತ್ತು; ಉತ್ತಮರಿಗೆ ದೊಡ್ಡ ಮೊತ್ತದ ವೇತನ ಹೆಚ್ಚಳವೂ ಇತ್ತು.

ನಮಗೆ ಇದು ಹೊಸದೇ?

ಫಲಿತಾಂಶಕ್ಕೆ ತಕ್ಕ ಹಣ ಎಂಬುದು ಹಳೆಯ ಸರಕು. ಇಂಗ್ಲೆಂಡಿನಲ್ಲಿ 1862ರಲ್ಲಿ ಜಾರಿಗೆ ಬಂದ ನಿಯಮಾವಳಿಯ ಪ್ರಕಾರ ಇನ್‌ಸ್ಪೆಕ್ಟರ್ ಬಂದ ದಿನ ಓದು, ಬರಹ, ಲೆಕ್ಕದಲ್ಲಿ ಎಷ್ಟು ಮಕ್ಕಳು ಪಾಸಾದರು ಎಂಬುದರ ಮೇಲೆ ಶಾಲೆಯ ಅನುದಾನ ನಿಂತಿತ್ತು. ಮಕ್ಕಳಿಗೆ ಪುಸ್ತಕವನ್ನು ಉರುಹೊಡೆಸುವುದೇ ಪಾಠವಾಯಿತು. 1890ರ ದಶಕದಲ್ಲಿ ಅದನ್ನು ಕೈಬಿಟ್ಟರು. ಅದೇ ಶತಮಾನದಲ್ಲಿ ಮದರಾಸು ಪ್ರಾಂತದಲ್ಲೂ ಇಂಥ ಅನುದಾನ ಪದ್ಧತಿ ನಡೆಯಿತು. ಬಳ್ಳಾರಿ, ದಕ್ಷಿಣ ಕನ್ನಡ ಆಗ ಆ ಪ್ರಾಂತಕ್ಕೆ ಸೇರಿದ್ದವು.

ಸೇವಾ ಭದ್ರತೆಯೂ ನಮಗೆ ಅಪರಿಚಿತವಲ್ಲ. ಸರ್ಕಾರಿ ಶಾಲೆಯ ಶಿಕ್ಷಕರಿಗೆ ಸಂವಿಧಾನದ 311ನೆಯ ವಿಧಿಯ ರಕ್ಷಣೆ ಇದೆ. ಖಾಸಗಿ ಶಾಲೆಗಳವರಿಗಾಗಿ ನಮ್ಮ ರಾಜ್ಯ 1975ರಲ್ಲೇ ಒಂದು ಕಾಯ್ದೆ ಮಾಡಿತು. ಮುಂದೆ 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲೂ ವಿಚಾರಣೆ ಇಲ್ಲದೆ ವಜಾ ಮಾಡಬಾರದು, ವಜಾ ಆದವರು ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು ಎಂಬ ನಿಯಮಗಳು ಸೇರಿದವು. ಅಂದರೆ ಪ್ರಶ್ನೆ ದೂರದ ಫ್ಲೋರಿಡಾದ್ದಷ್ಟೇ ಅಲ್ಲ. ನಿಮ್ಮ ಶಾಲೆಯ ಫಲಿತಾಂಶ ಇಳಿದ ವರ್ಷ ಯಾರನ್ನು, ಹೇಗೆ ಪ್ರಶ್ನಿಸಬೇಕು ಎಂಬುದೂ ಅದೇ ಪ್ರಶ್ನೆ.

ಚರ್ಚೆಗೆ

1. ನಿಮ್ಮ ಶಿಕ್ಷಕರ ಕೆಲಸವನ್ನು ಅಳೆಯಲು ಪರೀಕ್ಷಾಂಕದ ಜೊತೆಗೆ ಇನ್ನೇನನ್ನು ನೋಡಬೇಕು? ಅದನ್ನು ನೋಡುವವರು ಯಾರಾಗಿರಬೇಕು?

2. ನಾಣ್ಯದ ಪ್ರಯೋಗವನ್ನು ತರಗತಿಯಲ್ಲಿ ಮಾಡಿ. 10ರ ಬದಲು 40 ಸಲ ಚಿಮ್ಮಿದರೆ ಫಲಿತಾಂಶ ಹೇಗೆ ಬದಲಾಗುತ್ತದೆ? ಏಕೆ?

3. ಎಲ್ಲರಿಗೂ 'ತೃಪ್ತಿಕರ' ಎಂದು ಬರೆಯುವುದು ಒಂದು ಅನ್ಯಾಯ, ಒಂದೇ ಅಂಕವನ್ನು ನಂಬಿ ಒಬ್ಬರನ್ನು ತೆಗೆಯುವುದು ಇನ್ನೊಂದು. ಎರಡನ್ನೂ ತಪ್ಪಿಸುವ ಕಾಯ್ದೆಯನ್ನು ನೀವು ಬರೆಯಬೇಕಾದರೆ ಅದರ ಮೊದಲ ವಾಕ್ಯ ಏನಿರುತ್ತದೆ?